ಒಡಪು ಹೇಳಿ ಎಂ.ಎ. ಸೇರಿದ್ದು

ರೊಟ್ಟಿ ಬುಟ್ಟಿಯ ಮುಂದೆ ಉಣ್ಣಲು ಕುಳಿತಾಗ ನನ್ನ ಕೈ ಯಾವತ್ತೂ ಮೇಲಿನ ರೊಟ್ಟಿಗೆ ಹೋಗುವುದಿಲ್ಲ. ಬಿಳಿ ಅರಿವೆ ಹಾಸಿ ಒಂದರ ಮೇಲೊಂದು ಪೇರಿಸಿಟ್ಟ ಸಜ್ಜೆ ರೊಟ್ಟಿಗಳಲ್ಲಿ ಮೇಲಿನದು ಗಾಳಿಗೆ ಸೆಟೆದು ಸೊಕ್ಕಿನಲ್ಲಿರುತ್ತದೆ. ತಳದ್ದು ತನ್ನ ಮೇಲಿನವರ ಬಿಸಿಯನ್ನೆಲ್ಲ ಹೊತ್ತು ಬೆವರಿ ಮುದ್ದೆಯಾಗಿರುತ್ತದೆ. ನಡುವಿನದು ಮಾತ್ರ ಹದವಾಗಿ, ಮೆತ್ತಗೆ, ಬದನೆಕಾಯಿ ಪಲ್ಯವನ್ನು ಮಡಿಲಿಗೆ ಹಾಕಿಕೊಳ್ಳಲು ತಯಾರಾಗಿ ಕುಳಿತಿರುತ್ತದೆ. ಆದರೂ ಹೇಳಿ, ಲೋಕದಲ್ಲಿ ಯಾರಾದರೂ ನಡುವಿನ ರೊಟ್ಟಿಯನ್ನು ಹೊಗಳಿದ್ದನ್ನು ನೀವು ಕೇಳಿದ್ದೀರಾ? ಮೊದಲ ರೊಟ್ಟಿ ದೇವರಿಗೆ, ಕಡೆಯ ರೊಟ್ಟಿ ನಾಯಿಗೆ. ನಡುವೆ ಬೆಂದವುಗಳನ್ನು ಸುಮ್ಮನೆ ತಿಂದು ಕೈ ತೊಳೆದು ಏಳುತ್ತೇವೆ.

ಈ ಪಕ್ಷಪಾತಕ್ಕೆ ಕಾರಣವಿದೆ ಅನ್ನಿ. ಕನ್ನಡ ಎಂ.ಎ. ಸೇರಲು ಬರೆದ ಪ್ರವೇಶ ಪರೀಕ್ಷೆಯಲ್ಲಿ ನನಗೆ ಬಂದದ್ದು ಇಂಥ ನಡುವಿನ ಅಂಕ. ನಮ್ಮ ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿ ಕಚೇರಿಗಳ ಹೊಸ ಬೋರ್ಡುಗಳ ಬಣ್ಣ ಒಣಗಿಸಿಕೊಳ್ಳುತ್ತಿದ್ದ ಕಾಲ. ಚೆನ್ನಾಗಿ ಅಂಕ ಬಂದಿದ್ದರೆ ಓಣಿಗೆ ಸಕ್ಕರೆ ಹಂಚಬಹುದಿತ್ತು, ಪೂರಾ ನೆಲಕಚ್ಚಿದ್ದರೆ ಮೂರು ಮನೆಯ ಹೆಂಗಸರು ಬಂದು ಸೆರಗಿನಿಂದ ನನ್ನ ಕಣ್ಣೊರೆಸುತ್ತಿದ್ದರು. ನಡುವಿನ ಅಂಕಕ್ಕೆ ಏನು ಮಾಡಬೇಕೆಂಬ ರಿವಾಜು ನಮ್ಮಲ್ಲಿ ಇಲ್ಲವೇ ಇಲ್ಲ. ಕೇಳಿದವರು “ಹೌದಾ?” ಅಂದು, ಸ್ವಲ್ಪ ಹೊತ್ತು ನಿಂತು, ಈ ಸಲ ಕಾಲುವೆಗೆ ನೀರು ಯಾವಾಗ ಬಿಡುತ್ತಾರೋ ಎಂದು ಮಾತು ತಿರುಗಿಸಿ ಹೋಗಿಬಿಡುತ್ತಿದ್ದರು.

ನನ್ನ ತವರು ಇರಕಲ್ಲಗಡ. ಬಿ.ಎ. ಮುಗಿಸಿದ ಬೇಸಿಗೆಯಲ್ಲೇ ಹಿಟ್ನಾಳಕ್ಕೆ ಸೊಸೆಯಾಗಿ ಬಂದೆ. ಹೆದ್ದಾರಿಯ ಮಗ್ಗುಲಲ್ಲಿ ನಮ್ಮವರದು ಮೋಟಾರು ರಿಪೇರಿ ಅಂಗಡಿ. ಕಾಲುವೆ ಸೀಮೆಯ ಪಂಪುಗಳೆಲ್ಲ ಸುಟ್ಟುಕೊಂಡು ಬಂದು ಅವರ ಮುಂದೆ ದವಾಖಾನೆಯ ರೋಗಿಗಳಂತೆ ಸಾಲಾಗಿ ಕೂಡುತ್ತಿದ್ದವು. ಅವುಗಳ ಹೊಟ್ಟೆಗೆ ಹೊಸ ತಾಮ್ರದ ತಂತಿ ಸುತ್ತುತ್ತ ಅವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮದುವೆಯ ಮಾತುಕತೆಯ ದಿನವೇ ನಾನು ಮುಂದೆ ಓದಬೇಕೆಂದಿದ್ದೆ. ನಮ್ಮವರು ತಲೆಯಾಡಿಸಿದ್ದರು. ಅತ್ತೆ ಆಡಿಸಿರಲಿಲ್ಲ. ಮದುವೆಯಾದ ಮೇಲೆ ಒಂದು ದಿನ ಜೋಳ ಹಸನು ಮಾಡುತ್ತ ಕುಳಿತಾಗ ತಮ್ಮ ತೀರ್ಪನ್ನು ಮೊರದ ಕಾಳಿನ ಜೊತೆಗೇ ಕೇರಿದರು.

“ಓದು, ಬ್ಯಾಡ ಅನ್ನಂಗಿಲ್ಲ. ಆದ್ರ ಹೊಸಾ ಸೊಸಿ ಹಾಸ್ಟೆಲ್ಲಿನಾಗ ಇರತಾಳಂದ್ರ ಊರ ಮಂದಿ ಬಾಯಿ ಮುಚ್ಚಿಕೊಂಡು ಕುಂದರತೈತೇನು? ಒಂದ ಸಲ ಪರೀಕ್ಷೆ ಬರಿ. ಸೀಟ ಸಿಕ್ರ ನಾನ ಬುತ್ತಿ ಕಟ್ಟಿ ಕಳಸತೀನಿ, ಯಾರರ ಏನರ ಅನ್ನಲಿ. ಸಿಗಲಿಲ್ಲಂದ್ರ ಮತ್ತ ಆ ಮಾತು ಈ ಮನ್ಯಾಗ ಏಳಬಾರದು, ನೋಡು ಮತ್ತ.”

ಅತ್ತೆಯ ಮಾತು ಕಲ್ಲಿನ ಮೇಲೆ ಬರೆದ ಹಾಗೆ. ಹಾಗಾಗಿ ನನ್ನ ಎಂ.ಎ. ಎಂಬುದು ಒಂದೇ ಪರೀಕ್ಷೆಯ ಮೇಲೆ ನಿಂತಿತ್ತು, ಆ ಪರೀಕ್ಷೆ ನನ್ನ ಮೇಲೆ ನಿಂತಿತ್ತು, ನಾನು ಹಗಲೆಲ್ಲ ನಮ್ಮ ಮನೆಯ ಹೊಸ್ತಿಲ ಮೇಲೆ ನಿಂತಿರುತ್ತಿದ್ದೆ. ಯಾಕೆ ನಿಂತಿರುತ್ತಿದ್ದೆ ಎಂದು ಹೇಳದಿದ್ದರೆ ಮುಂದಿನ ಕತೆ ನಿಮಗೆ ತಿಳಿಯುವುದಿಲ್ಲ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಲೇಬೇಕಾದ ಹೊತ್ತು ಬಂದರೆ ಮುಂದೆ ಒಂದೆರಡು ಪ್ರಾಸದ ಸಾಲು ಹೂಡಿ, ಅದರ ಬಾಲಕ್ಕೆ ಹೆಸರನ್ನು ಕಟ್ಟಿ ಬಿಡಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಮದುವೆಯ ಸಂಭ್ರಮದಲ್ಲಿ, ಸೀಮಂತದಲ್ಲಿ, ಹೊಸ ಸೊಸೆ ಹೊರಗಿಂದ ಮನೆಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿಸದೆ ಒಳಗೆ ಬಿಡುವುದಿಲ್ಲ. ಬೇರೆ ಮನೆಗಳಲ್ಲಿ ಈ ಆಟ ನಾಲ್ಕು ದಿನಕ್ಕೆ ಮುಗಿಯುತ್ತದೆ. ನಮ್ಮ ಅತ್ತೆಗೆ ಮಾತ್ರ ಅದು ಮುಗಿಯುವ ಆಟವೇ ಆಗಿರಲಿಲ್ಲ. ನಾನು ನೀರು ತಂದರೂ ಸರಿ, ಸಂತೆಯಿಂದ ಬಂದರೂ ಸರಿ, ಎರಡೂ ಕಡೆ ಕೈ ಚಾಚಿ ಚೌಕಟ್ಟು ಹಿಡಿದು ನಿಂತು, “ಹೆಸರ ಹೇಳಿ ಒಳಗ ಬಾ” ಎನ್ನುತ್ತಿದ್ದರು. ತಲೆಯ ಮೇಲೆ ತುಂಬಿದ ಕೊಡ, ಕಂಕುಳಲ್ಲಿ ಇನ್ನೊಂದು. ಆ ಭಾರದ ಕೆಳಗೆ ಹುಟ್ಟಿದ ನನ್ನ ಮೊದಲ ಒಡಪು ಇದು:

“ಹೊಲದಾಗ ಪುಂಡಿ ಸೊಪ್ಪ, ಒಲಿಮ್ಯಾಲಿನ ಸಾರಿಗೆ ಉಪ್ಪ, ಹಾದಿ ಬಿಡ್ರಿ ಅತ್ತಿ, ಒಳಗ ಹಸದು ಕುಂತಾರ ಶರಣಪ್ಪ!”

ಅಂತೂ ಹೆಸರು ಬಂದುಬಿಟ್ಟಿತು ನೋಡಿ. ನಮ್ಮವರ ಹೆಸರು ಶರಣಪ್ಪ. ಅಪ್ಪ ಎಂದು ಮುಗಿಯುವ ಗಂಡನನ್ನು ಪಡೆದವಳು ಪುಣ್ಯವಂತೆ. ಉಪ್ಪು, ಸೊಪ್ಪು, ತುಪ್ಪ, ತೆಪ್ಪ ಎಂದು ಅರ್ಧ ನಿಘಂಟು ಅವಳ ಬೆನ್ನಿಗಿರುತ್ತದೆ. ಬಗಲ ಮನೆಯ ಸೊಸೆಯ ಗಂಡನ ಹೆಸರು ಚಂದ್ರಶೇಖರ. ಆ ಪಾಪದ ಹೆಣ್ಣು ಹೊಸ್ತಿಲಲ್ಲಿ ಬೆವರಿಳಿಸುತ್ತ ನಿಂತು, ಕಡೆಗೆ ನನ್ನನ್ನು ಕರೆಸಿ ಕಟ್ಟಿಸಿಕೊಳ್ಳುತ್ತಿದ್ದಳು. ಎದುರಿಗೆ ಎಸ್.ಟಿ.ಡಿ. ಬೂತು ಇಟ್ಟಿದ್ದ ಖಾಸೀಂಬಿ ಚಾಚಿಯೂ ತಮ್ಮ ಯಜಮಾನರ ಹೆಸರಿಗೆ ಒಂದು ಕಟ್ಟಿಸಿಕೊಂಡು, ಬೂತಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಹೀಗೆ ಓಣಿಯ ಗಂಡಂದಿರ ಹೆಸರುಗಳೆಲ್ಲ ನನ್ನ ಬಾಯಲ್ಲಿ ಪ್ರಾಸಬದ್ಧವಾದವು. ಹೆಂಗಸರ ಹೆಸರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ನಮ್ಮ ಅತ್ತೆಯನ್ನೇ ಇಡೀ ಊರು ಕರೆಯುತ್ತಿದ್ದದ್ದು “ಶರಣಪ್ಪನ ಅವ್ವ” ಎಂದು.

ಪರೀಕ್ಷೆಗೆ ನಾನು ಓದಲಿಲ್ಲವೆಂದಲ್ಲ. ಒಲೆಯ ಮುಂದೆ ಓದಿದೆ, ಎಮ್ಮೆಯ ಮುಂದೆ ಓದಿದೆ, ನಮ್ಮವರ ಅಂಗಡಿಯಲ್ಲಿ ಸುಟ್ಟ ಮೋಟಾರುಗಳ ನಡುವೆ ಕುಳಿತು ಹಳಗನ್ನಡ ವ್ಯಾಕರಣವನ್ನು ಬಾಯಿಪಾಠ ಮಾಡಿದೆ. ಆದರೆ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದರೆ ಅದರಲ್ಲಿ ಒಂದು ಪದ್ಯ ಕೊಟ್ಟುಬಿಟ್ಟಿದ್ದರು. ಎಷ್ಟು ಚೆಂದದ ಪದ್ಯ ಅಂತೀರಿ! ಒಂದು ಸಲ ಓದಿದೆ, ಮನಸ್ಸು ತುಂಬಲಿಲ್ಲ. ಮತ್ತೆ ಓದಿದೆ. ಸೆರಗಿನ ಮರೆಯಲ್ಲಿ ತುಟಿಯಾಡಿಸಿ ಅದರ ನಡಿಗೆಯನ್ನು ಸವಿದೆ. ಆಮೇಲೆ ಕೆಳಗಿನ ಪ್ರಶ್ನೆ ನೋಡಿದರೆ ಅವರು ಕೇಳಿದ್ದು ಆ ಪದ್ಯದ ಛಂದಸ್ಸಿನ ಹೆಸರು, ಅದೂ ನಾಲ್ಕರಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿ ಎಂದು. ಅಷ್ಟರಲ್ಲಿ ಅಕ್ಕಪಕ್ಕದವರು ಪುಟ ಮಗುಚಿಯಾಗಿತ್ತು. ಕವಿ ಹುಟ್ಟಿದ ಊರು, ಕೃತಿ ಬಂದ ಇಸವಿ, ಹೊಂದಿಸಿ ಬರೆಯುವುದು, ಎಲ್ಲವೂ ನನಗಾಗಿ ಕಾಯುತ್ತ ಕುಳಿತಿದ್ದವು. ಗಂಟೆ ಮಾತ್ರ ಕಾಯಲಿಲ್ಲ. ಸಾಹಿತ್ಯದ ಪರೀಕ್ಷೆಯಲ್ಲಿ ಪದ್ಯ ಓದುತ್ತ ಕುಳಿತದ್ದಕ್ಕೆ ಅಂಕ ಹೋಯಿತೆಂದರೆ ಯಾರ ಮುಂದೆ ಹೇಳಿಕೊಳ್ಳುವುದು, ನೀವೇ ಹೇಳಿ.

ಅಂಕ ಬಂದ ದಿನ ಅತ್ತೆ ಕೇಳಿದರು. “ಪಾಸೋ ನಪಾಸೋ?”

“ಎರಡೂ ಅಲ್ರೀ ಅತ್ತಿ. ಸಂದರ್ಶನಕ್ಕ ಕರದಾರ. ಅದರಾಗಿಂದೂ ಇದರಾಗಿಂದೂ ಕೂಡಿಸಿ ನೋಡತಾರಂತ.”

“ಅದೆಂಥಾ ಪರೀಕ್ಷೆನ ಯವ್ವಾ! ಹೊಳಿ ಇತ್ತಾಗೂ ಇಲ್ಲ, ಅತ್ತಾಗೂ ಇಲ್ಲ.”

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಡುನೀರಿನಲ್ಲಿ ತೆಪ್ಪ ಸುಮ್ಮನೆ ತಿರುಗುತ್ತಿರುತ್ತದಲ್ಲ, ಹಾಗಾಗಿತ್ತು ನನ್ನ ಸ್ಥಿತಿ. ಆ ರಾತ್ರಿ ನಮ್ಮವರು ಊಟ ಮಾಡುತ್ತ, “ಕರದಾರಂದ್ರ ನೋಡಬೇಕಂತನ ಕರದಿರತಾರ. ಹೋಗೂಣು” ಎಂದರು. ಅವರ ದಿನದ ಪಾಲಿನ ಮಾತುಗಳೆಲ್ಲ ನನಗಾಗಿಯೇ ಖರ್ಚಾಗಿದ್ದವು.

ಸಂದರ್ಶನಕ್ಕೆ ಹೋದ ವಿಶ್ವವಿದ್ಯಾಲಯದ ಆ ಕಟ್ಟಡ ಹಳೆಯದು. ದಪ್ಪ ಗೋಡೆ, ಎತ್ತರದ ಬಾಗಿಲು, ಬಾಗಿಲಿಗೆ ಮೊಣಕಾಲಿನ ಅರ್ಧದಷ್ಟು ಎತ್ತರದ ಮರದ ಹೊಸ್ತಿಲು. ಹೊರಗೆ ಬೆಂಚಿನ ಮೇಲೆ ಕುಳಿತ ಹುಡುಗ ಹುಡುಗಿಯರು ತಮ್ಮ ತಮ್ಮ ಅಂಕಗಳನ್ನು ಹೇಳಿಕೊಳ್ಳುತ್ತಿದ್ದರು; ನನ್ನನ್ನು ಕೇಳಿದಾಗ ನಾನು ಬಳೆ ಸರಿಮಾಡಿಕೊಂಡೆ. ನಮ್ಮವರು ಹೊರಗಿನ ಬೇವಿನ ಮರದ ಕೆಳಗೆ ನಿಂತು, ಒಳಗೆ ತಿರುಗುತ್ತಿದ್ದ ಕಚೇರಿಯ ಫ್ಯಾನಿನ ಸದ್ದನ್ನು ಕಿಟಕಿಯಿಂದಲೇ ಕೇಳಿ, ಅದರ ಬೇರಿಂಗು ಹೋಗಿದೆ ಎಂದು ನನಗೆ ಧೈರ್ಯ ಹೇಳುವ ದನಿಯಲ್ಲಿ ಹೇಳಿದರು. ಅಷ್ಟರಲ್ಲಿ ಜವಾನ ನನ್ನನ್ನು ಕೂಗಿದ.

ಒಳಗೆ ಮೇಜಿನ ಹಿಂದೆ ಕುಳಿತವರಲ್ಲಿ ನಡುವಿನವರು ವಯಸ್ಸಾದ ಮುಖ್ಯಸ್ಥರು, ಕಣ್ಣು ಅರ್ಧ ಮುಚ್ಚಿದ್ದರು. ಬಲಕ್ಕೆ ಕನ್ನಡಕದ ಮೇಷ್ಟ್ರು, ಮೈಸೂರು ಕಡೆಯವರೆಂದು ಆಮೇಲೆ ಮಾತಿನಿಂದ ತಿಳಿಯಿತು. ಎಡಕ್ಕೆ ಇಳಕಲ್ ಸೀರೆಯ ಮೇಡಂ, ನಮ್ಮ ಕಡೆಯವರೇ. ಅವರು ನನ್ನ ಕಾಗದಗಳನ್ನು ತಿರುವಿಹಾಕುತ್ತಿದ್ದರು. ನಾನು ಬಲಗಾಲನ್ನು ಹೊಸ್ತಿಲ ಮೇಲೆ ಇಟ್ಟಿದ್ದೆನೋ ಇಲ್ಲವೋ, ಅವರು ತಲೆ ಎತ್ತದೆಯೇ ಅಂದರು:

“ಮಾರ್ಕ್ಸ್ ಕಾರ್ಡಿನಾಗ ತಂದಿ ಹೆಸರೈತಿ, ಅರ್ಜಿಯಾಗ ಯಜಮಾನ್ರ ಹೆಸರಿನ ಮ್ಯಾಲ ಮಸಿ ಹರಡೇತಿ. ಯಜಮಾನ್ರ ಹೆಸರ ಹೇಳಿ ಒಳಗ ಬಾರವ್ವಾ.”

ಆಹಾ! ಆ ಕ್ಷಣವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೇಳಿದವರು ಹೆಂಗಸು, ಮೈಮೇಲೆ ಇಳಕಲ್ ಸೀರೆ. ನಾನಿದ್ದದ್ದು ಹೊಸ್ತಿಲ ಮೇಲೆ. ಕೇಳಿದ್ದು ಅದೇ ಮಾತು, ಅದೇ ಧಾಟಿ. ವಿಶ್ವವಿದ್ಯಾಲಯ, ಸಂದರ್ಶನ, ಅಂಕ ಎಲ್ಲ ಎಲ್ಲೋ ಹಾರಿಹೋಗಿ, ತಲೆಯ ಮೇಲೆ ಕೊಡವಿದ್ದಂತೆ ಕತ್ತು ನೆಟ್ಟಗಾಗಿ, ಸೆರಗು ತಾನಾಗಿ ಭುಜಕ್ಕೆ ಬಂದು, ನನ್ನ ಬಾಯಿ ರಾಗವಾಗಿ ಹೇಳಿಯೇಬಿಟ್ಟಿತು:

“ಹೊಳ್ಯಾಗ ತೇಲತೈತಿ ತೆಪ್ಪ, ಹೋಳಗಿ ಮ್ಯಾಲ ಜಾರತೈತಿ ತುಪ್ಪ, ನನ್ನ ಕೈ ಹಿಡದ ಧಣಿ ನಮ್ಮ ಶರಣಪ್ಪ!”

ಮೇಡಂ ಮೇಜಿಗೆ ಹಣೆ ಹಚ್ಚಿ ನಗತೊಡಗಿದರು. ನಗುವೆಂದರೆ ಎಂಥ ನಗು, ಬಳೆಗಳೆಲ್ಲ ಮೇಜಿಗೆ ಬಡಿದು ಸದ್ದಾಗುವ ನಗು. ಮುಖ್ಯಸ್ಥರ ಕಣ್ಣು ಪೂರಾ ತೆರೆದವು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊಸ್ತಿಲ ಆಚೆಗಿದ್ದ ಎಡಗಾಲು ಮನೆಗೆ ಹೋಗೋಣ ಅನ್ನುತ್ತಿತ್ತು, ಈಚೆಗೆ ಬಂದ ಬಲಗಾಲು ಬಂದದ್ದಾಗಿದೆ ಅನ್ನುತ್ತಿತ್ತು.

“ಏನಮ್ಮಾ ಇದು?” ಎಂದರು ಕನ್ನಡಕದ ಮೇಷ್ಟ್ರು.

“ಒಡಪು ಸರ್” ಎಂದು ಮೇಡಂ ಕಣ್ಣೊರೆಸಿಕೊಳ್ಳುತ್ತ ರಿವಾಜನ್ನೆಲ್ಲ ವಿವರಿಸಿದರು. “ಬಾರವ್ವಾ, ಕುಂದರ್ ಬಾ. ಹೆದರಬ್ಯಾಡ. ಇದು ಕಲತದ್ದೋ ಕಟ್ಟಿದ್ದೋ?”

“ಕಟ್ಟಿದ್ದರಿ.”

“ಹಂಗಾದ್ರ ಈ ಖೋಲಿ ಮ್ಯಾಲ ಒಂದು ಕಟ್ಟಿ ಹೇಳು, ನೋಡೂಣು.”

ಕಟ್ಟು ಅಂದರೆ ಕಟ್ಟುವುದೇ. ನಮ್ಮ ಅತ್ತೆಯ ಕೈಕೆಳಗೆ ಪಳಗಿದವಳು ನಾನು. ಕೋಣೆಯ ಸುತ್ತ ನೋಡಿದೆ. ಮರ್ಯಾದೆಯಂತೂ ಹೋಗಿಯಾಗಿದೆ, ಇನ್ನು ಹೋಗುವುದೇನಿದೆ ಎಂಬ ಮೊಂಡು ಧೈರ್ಯವೂ ಇತ್ತು.

“ಗೋಡಿ ಮ್ಯಾಲ ಗಡಿಯಾರ, ಮೇಜಿನ ಹಿಂದ ಕುಂತಾರ ಹಿರಿಯಾರ, ಅಂಕ ಕಡಿಮಿ ಬಂತಂತ ಎಣಿಸಬ್ಯಾಡ್ರಿ ತಪ್ಪ, ಬೇವಿನ ಗಿಡದ ಬುಡಕ ಕಾಯಾಕತ್ಯಾರ ಶರಣಪ್ಪ!”

ಈ ಸಲ ಮುಖ್ಯಸ್ಥರೂ ನಕ್ಕು, ಕಿಟಕಿಯ ಕಡೆ ಕತ್ತು ಚಾಚಿ ಬೇವಿನ ಮರದ ಬುಡವನ್ನು ನೋಡಿದರು. ಅಲ್ಲಿ ನಮ್ಮವರು, ಯಾರೋ ತಮ್ಮನ್ನು ನೋಡಿ ನಗುತ್ತಿದ್ದಾರೆಂದು ಗೊತ್ತಾಗಿ ಅಂಗಿಯ ಗುಂಡಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಕನ್ನಡಕದ ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನ ಅಂಕಪಟ್ಟಿಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು.

“ಪ್ರವೇಶ ಪರೀಕ್ಷೆಯಲ್ಲಿ ನಿಮ್ಮ ಅಂಕ ತೀರಾ ಸಾಧಾರಣ. ಪ್ರಾಸ ಕಟ್ಟೋದು ಒಂದು ಕೈಚಳಕ ಅಷ್ಟೇ. ಗಡಿಯಾರಕ್ಕೂ ನಿಮ್ಮ ಯಜಮಾನರಿಗೂ ಏನಮ್ಮಾ ಸಂಬಂಧ? ಹೆಸರು ಕೇಳಿದರೆ ಹೆಸರು ಹೇಳಬೇಕು. ಮುಂದಿನ ಸಾಲುಗಳಿಗೆ ಅಲ್ಲಿ ಏನು ಕೆಲಸ?”

ನನಗೆ ಸಿಟ್ಟು ಬಂತು. ಸಾಧಾರಣ ಅಂದದ್ದಕ್ಕಲ್ಲ, ಅದು ನಿಜವೇ ಆಗಿತ್ತು. ನೀರು ಹೊತ್ತು ನಿಂತು ಕಟ್ಟಿದ ಸಾಲುಗಳಿಗೆ ಕೆಲಸವಿಲ್ಲ ಅಂದರಲ್ಲ, ಅದಕ್ಕೆ. ಸಿಟ್ಟು ಬಂದಾಗ ನನಗೆ ಪುಸ್ತಕದ ಕನ್ನಡ ಬರುವುದಿಲ್ಲ.

“ಸಂಬಂಧ ಇಲ್ರೀ ಸರ್. ಅದಕ್ಕ ಅದು ಬೇಕು. ಹೆಸರು ಹೇಳಾಕ ನಾಚಿಕಿ ಬರತೈತಿ. ನಾಚಿಕಿ ಅಷ್ಟ ಅಲ್ರೀ, ಆ ಮನಿಷ್ಯಾನ ಮ್ಯಾಲ ಜೀವ ಇರತೈತಿ, ಅದನ್ನ ನಾಲ್ಕು ಮಂದಿ ಮುಂದ ಬಿಚ್ಚಿ ಇಡಾಕ ಬರಂಗಿಲ್ಲ. ಅದಕ್ಕ ಮೊದಲು ತೆಪ್ಪ ಅಂತೀವಿ, ತುಪ್ಪ ಅಂತೀವಿ. ಕೇಳೋರ ಲಕ್ಷ್ಯ ತುಪ್ಪದ ಮ್ಯಾಲ ಇದ್ದಾಗ ಹೆಸರ ಹೇಳಿ ಮುಗಿಸಿಬಿಡತೀವಿ. ಕೇಳಿದವರಿಗೆ ಎಲ್ಲಾ ತಿಳದಿರತೈತಿ, ಹೇಳಿದವರಿಗೆ ಏನೂ ಹೇಳಿದಂಗ ಆಗಿರಂಗಿಲ್ಲ. ನೆಟ್ಟಗ ಹೇಳಾಕ ಬರೂದಿದ್ರ ಇಷ್ಟೆಲ್ಲಾ ಯಾರು ಕಟ್ಟತಿದ್ರು ಸರ್? ನೀವು ಕಲಸೂ ಪದ್ಯಾನೂ ಹಿಂಗ ಅಲ್ಲೇನ್ರಿ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಏನೋ ಬರೆದುಕೊಂಡರು. “ಆಯ್ತು, ಹೋಗಿಬನ್ನಿ” ಅಂದರು. ಅಷ್ಟೇ. ಒಂದೇ ಒಂದು ಇಸವಿ ಕೇಳಲಿಲ್ಲ, ಒಬ್ಬ ಕವಿಯ ಹೆಸರು ಕೇಳಲಿಲ್ಲ. ನಾನು ಹೊರಗೆ ಬಂದವಳೇ ನಮ್ಮವರ ಮುಂದೆ ನಿಂತು ಅಳುವುದಕ್ಕೆ ಶುರು ಮಾಡಿದೆ.

“ಎಲ್ಲಾ ಕೆಡಿಸಿಬಿಟ್ನಿರಿ. ಬಾಗಿಲದಾಗನ ನಿಮ್ಮ ಒಡಪು ಹೇಳಿದ್ನಿ. ಅವರಿಗೆ ಎದುರಾಡಿ ಬಂದ್ನಿ.”

ಅವರು ನಡೆದದ್ದನ್ನೆಲ್ಲ ಕೇಳಿದರು. ಆಮೇಲೆ ಅವರ ಮೀಸೆಯ ತುದಿ ನಡುಗತೊಡಗಿತು. ನಗು ತಡೆಯುತ್ತಿದ್ದಾರೆಂದು ನನಗೆ ತಿಳಿದದ್ದೇ ಆಗ. “ಯಾವ ಒಡಪು, ತುಪ್ಪದ್ದಾ? ಅದು ಛಲೋ ಐತಿ ಬಿಡು” ಎಂದು ನನ್ನನ್ನು ಕರೆದುಕೊಂಡು ಹೋಗಿ ಬಸ್ ನಿಲ್ದಾಣದ ಎದುರು ಬಿಸಿ ಮಿರ್ಚಿ, ಮಂಡಕ್ಕಿ ಕೊಡಿಸಿದರು. ಅತ್ತತ್ತು ಖಾರ ತಿಂದರೆ ಯಾವ ನೀರು ಯಾವ ಕಾರಣಕ್ಕೆ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಮಿರ್ಚಿಯ ನೆಪದಲ್ಲಿ ಮೂಗೊರೆಸಿಕೊಂಡೆ, ಅವರು ಕಿಟಕಿಯ ಕಡೆ ಮುಖ ಮಾಡಿ ಆಗಾಗ ಒಬ್ಬರೇ ನಕ್ಕರು.

ಮೊದಲ ಪಟ್ಟಿಯಲ್ಲಿ ನಾನಿರಲಿಲ್ಲ. ನಮ್ಮವರೇ ಹೋಗಿ ನೋಡಿ ಬಂದರು. ಎರಡನೆಯ ಪಟ್ಟಿ ಇನ್ನೂ ಇದೆಯೆಂದು ನಾನು ಹೇಳಿದ್ದಕ್ಕೆ ಅತ್ತೆ, “ಇರಲಿ, ಅದನ್ನೂ ನೋಡೂಣು” ಎಂದು ಒಳಗೆ ಹೋದರು. ಆ ದಿನಗಳಲ್ಲಿ ನಾನು ನೀರು ತಂದಾಗ ಅವರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ತಡೆಯಿಲ್ಲದ ಹೊಸ್ತಿಲನ್ನು ದಾಟುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ಯೋಚಿಸುತ್ತಿದ್ದೆ. ನಾನು ಓದಬೇಕೆಂದದ್ದು ನೌಕರಿಗಾಗಿ ಎಂದು ಎಲ್ಲರೂ ತಿಳಿದಿದ್ದರು, ನಾನೂ ಹಾಗೇ ಹೇಳುತ್ತಿದ್ದೆ. ಒಳಗಿನ ಮಾತು ಬೇರೆಯಿತ್ತು. ಪರೀಕ್ಷೆಯಲ್ಲಿ ಓದಿದ ಆ ಪದ್ಯವನ್ನು ಯಾರೂ ಗಂಟೆ ಬಾರಿಸದ ಒಂದು ಕೋಣೆಯಲ್ಲಿ ಕುಳಿತು, ಅದೇ ಹುಚ್ಚಿರುವ ನಾಲ್ಕು ಮಂದಿಯ ಜೊತೆ ಇನ್ನೊಮ್ಮೆ ಓದಬೇಕಾಗಿತ್ತು. ಇಷ್ಟನ್ನು ನೆಟ್ಟಗೆ ಹೇಳಲು ನನಗೂ ನಾಚಿಕೆ. ಅದಕ್ಕೇ ನೌಕರಿ ಎಂಬ ತುಪ್ಪವನ್ನು ಮುಂದಿಡುತ್ತಿದ್ದೆ. ಮೇಷ್ಟ್ರಿಗೆ ಅಷ್ಟು ದೊಡ್ಡದಾಗಿ ಹೇಳಿ ಬಂದವಳು ನನ್ನ ಸರದಿ ಬಂದಾಗ ಮಾಡಿದ್ದೂ ಅದನ್ನೇ.

ಎರಡನೆಯ ಪಟ್ಟಿಯ ದಿನ ಮಧ್ಯಾಹ್ನ ಖಾಸೀಂಬಿ ಚಾಚಿ ಬೂತಿನಿಂದಲೇ ಕೂಗಿದರು. “ಬೇಟೀ, ಓಡಿ ಬಾ! ನಿಮ್ಮ ಯಜಮಾನ್ರು ಲೈನಿನಾಗ ಅದಾರ, ಏನ ಕೇಳಿದ್ರೂ ಹೇಳವಲ್ರು!”

ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆಯೂ ಹಿಂದೆ ಬಂದರು. ಫೋನಿನಲ್ಲಿ ಗಲಾಟೆಯೋ ಗಲಾಟೆ; ಅದರ ನಡುವೆ ನಮ್ಮವರ ಉಸಿರು ಕೇಳಿಸುತ್ತಿತ್ತು.

“ಐತಿ” ಅಂದರು.

“ಏನೈತ್ರಿ?”

“ಐತಿ. ಕಡೀಕ ಐತಿ. ಆದ್ರ ಐತಿ.”

ದಿನದ ನಾಲ್ಕು ಮಾತಿನಲ್ಲಿ ಇಷ್ಟನ್ನು ಹೇಳಿ ಆ ಪುಣ್ಯಾತ್ಮ ಫೋನಿಟ್ಟುಬಿಟ್ಟರು. ನಾನು ಹಿಟ್ಟಿನ ಕೈಯಲ್ಲಿ ಚಾಚಿಯನ್ನು ಅಪ್ಪಿಕೊಂಡೆ. ಅವರ ಕರಿ ಬುರ್ಖಾದ ಬೆನ್ನ ಮೇಲೆ ನನ್ನ ಎರಡೂ ಅಂಗೈ ಬೆಳ್ಳಗೆ ಮೂಡಿದವು. ಬೂತಿನ ಸರತಿಯಲ್ಲಿ ನಿಂತಿದ್ದ ಲಾರಿ ಡ್ರೈವರು ಯಾರಿಗೆ ಹೆರಿಗೆಯಾಯಿತೆಂದು ಕೇಳಿದ.

ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಒಡಪು ಕೇಳಿಯೇ ಸೀಟು ಕೊಟ್ಟರೆಂದು ನನಗೆ ಖಾತ್ರಿಯಿಲ್ಲ. ಪಟ್ಟಿಯಲ್ಲಿ ನನಗಿಂತ ಮೇಲಿದ್ದವರು ಯಾರೋ ಬಿ.ಎಡ್.ಗೆ ಹೋದದ್ದರಿಂದ ಜಾಗ ಖಾಲಿಯಾಯಿತೆಂದು ಆಮೇಲೆ ಕೇಳಿದೆ. ಮೇಷ್ಟ್ರು ಬರೆದುಕೊಂಡದ್ದು ಏನೆಂದು ಅವರ ತರಗತಿಯಲ್ಲಿ ಎರಡು ವರ್ಷ ಕುಳಿತರೂ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ನಮ್ಮ ಅತ್ತೆಗೆ ಇಂಥ ಅನುಮಾನಗಳೇನೂ ಇರಲಿಲ್ಲ. ಸಂದರ್ಶನದ ಕತೆಯನ್ನು ನಮ್ಮವರ ಬಾಯಿಂದ ತುಂಡು ತುಂಡಾಗಿ ಹೊರಡಿಸಿಕೊಂಡ ಮೇಲೆ ಅವರು ಬಾವಿಕಟ್ಟೆ, ಗಿರಣಿ, ಬಸ್ ಸ್ಟಾಂಡು ಎಲ್ಲೆಡೆ ಸಾರಿದರು.

“ಪುಸ್ತಕ ಓದಿ ಏನೂ ಬರಲಿಲ್ಲ ಅಕಿಗೆ. ನಾನ ದಿನಾ ಹೊಸ್ತಿಲದಾಗ ನಿಂದ್ರಿಸಿ ನಿಂದ್ರಿಸಿ ಕಲಿಸಿದ್ದು. ಅಲ್ಲಿ ಅದನ್ನ ಕೇಳಿದ್ರು!”

ಮೂಗಿನ ಮೇಲೆ ಬೆರಳಿಡಬೇಕೆಂದಿದ್ದ ಊರ ಮಂದಿಗೆ ಬೆರಳು ಎತ್ತಲೂ ಪುರಸೊತ್ತು ಸಿಗಲಿಲ್ಲ. ಸೊಸೆ ಹಾಸ್ಟೆಲ್ಲಿನಲ್ಲಿರುತ್ತಾಳೆ ಎಂದು ಯಾರಾದರೂ ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಪಾಠಶಾಲೆಯ ಹಿರಿಮೆ ಹೇಳಿ ಮುಗಿಸಿರುತ್ತಿದ್ದರು. ಬಗಲ ಮನೆಯ ಚಂದ್ರಶೇಖರನ ಹೆಂಡತಿ ಮಾತ್ರ ಇನ್ನು ತನ್ನ ಗತಿಯೇನೆಂದು ನಿಜವಾಗಿಯೂ ಕಣ್ಣೀರು ಹಾಕಿದಳು.

ಹೊರಡುವ ದಿನ ಬೆಳಿಗ್ಗೆ ನಮ್ಮವರು ಟ್ರಂಕು ಹೊತ್ತು, ಬಸ್ಸು ನಿಲ್ಲಿಸಲು ಮುಂದಾಗಿ ಹೆದ್ದಾರಿಗೆ ಹೋಗಿದ್ದರು. ಬುತ್ತಿಯ ಗಂಟು ನನ್ನ ಕೈಯಲ್ಲಿತ್ತು. ದೇವರಿಗೆ ಕೈಮುಗಿದು ಬಂದು ನೋಡುತ್ತೇನೆ, ಅತ್ತೆ ಬಾಗಿಲಿನಲ್ಲಿ ಚೌಕಟ್ಟು ಹಿಡಿದು ಎರಡೂ ಕೈ ಚಾಚಿ ನಿಂತಿದ್ದಾರೆ.

“ಹೆಸರ ಹೇಳಿ ದಾಟು.”

“ಅತ್ತೀ, ಒಳಗ ಬರೂ ಮುಂದ ಕೇಳತಾರ್ರಿ. ಹೊರಗ ಹೋಗೂ ಮುಂದ ಯಾರು ಕೇಳತಾರ?”

“ಹೊಸ್ತಿಲ ನಮ್ಮದು. ನಾ ಕೇಳತೀನಿ.”

ಸರಿ ಎಂದು ಸೆರಗು ಭುಜಕ್ಕೆಳೆದುಕೊಂಡು, “ಹೊಳ್ಯಾಗ ತೇಲತೈತಿ ತೆಪ್ಪ...” ಎಂದು ಶುರು ಮಾಡಿದೆ.

“ಅವನ ಹೆಸರ ಸಾಕು. ಊರಿಗೆಲ್ಲಾ ಗೊತ್ತಾಗೇತಿ, ಯೂನಿವರ್ಸಿಟಿಗೂ ಗೊತ್ತಾಗೇತಿ. ನಿನ್ನ ಹೆಸರ ಹೇಳು.”

ಓಣಿಯ ಗಂಡಂದಿರಿಗೆಲ್ಲ ಪ್ರಾಸ ಹುಡುಕಿ ಕೊಟ್ಟವಳ ಹತ್ತಿರ ತನ್ನ ಹೆಸರಿಗೆ ಒಂದು ಸಾಲಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅಷ್ಟೇ ಅಲ್ಲ, ಕಾಲೇಜಿನಲ್ಲಿ ಉಳಿದ ಹುಡುಗಿಯರೆಲ್ಲ ಸವಿತಾ, ಕವಿತಾ ಆಗಿದ್ದಾಗ, ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ನಾನು ತಲೆ ತಗ್ಗಿಸುತ್ತಿದ್ದೆ. ಅವ್ವ ನಮ್ಮ ಸೀಮೆಯ ದೇವಿಗೆ ಹರಕೆ ಹೊತ್ತು ಹಡೆದು ಆ ದೇವಿಯದೇ ಇಟ್ಟ ಹೆಸರು, ಹಳ್ಳಿಯ ಹೆಸರು. ಹೆದ್ದಾರಿಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಎದುರಿನ ಬೂತಿನಿಂದ ಖಾಸೀಂಬಿ ಚಾಚಿ, “ಬಸ್ ಬಂತು, ಬಿಡವ್ವಾ ಅಕಿನ್ನ!” ಎಂದು ಕೂಗಿದರು. ಊರಿಗೆಲ್ಲ ಶರಣಪ್ಪನ ಅವ್ವನಾದ ಆ ಹೆಂಗಸು ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ದಿನದ ತುಂಟತನ ಇರಲಿಲ್ಲ.

“ಹುಲಿಗೆಮ್ಮ” ಎಂದೆ.

“ಕೇಳಸಲಿಲ್ಲ.”

“ಹುಲಿಗೆಮ್ಮ!”

ಓಣಿಯ ಆ ತುದಿಯವರೆಗೂ ಕೇಳಿಸಿರಬೇಕು. ಚಾಚಿ ಬೂತಿನಿಂದ ಹೊರಗೆ ಬಂದು ನಿಂತರು. ಅತ್ತೆ ಚೌಕಟ್ಟಿನಿಂದ ಕೈ ತೆಗೆದು, ನನ್ನ ತಲೆಯ ಮೇಲಿನ ಹೂವನ್ನು ಸರಿಮಾಡಿ, ಪಕ್ಕಕ್ಕೆ ಸರಿದರು.

“ಹೋಗು” ಎಂದರು. “ಅಲ್ಲಿ ಯಾರ ಕೇಳಿದ್ರೂ ಹಿಂಗ ಹೇಳು. ಇಷ್ಟ ಗಟ್ಟಿ.”